ಕೌಬಾಯ್ ಜ್ಯಾಕ್ ಕ್ಲೆಮೆಂಟ್: ಪದೇ ಪದೇ ಕೇಳುವ ಪ್ರಶ್ನೆಗಳು

ಯಾರಿದು ಜ್ಯಾಕ್ ಕ್ಲೆಮೆಂಟ್? ಹೆಸರೇ ಕೇಳಿಲ್ಲವಲ್ಲ.

ಹೆಸರು ಕೇಳಿರಲ್ಲ, ಸರಿ. ಕೆಲಸ ಮಾತ್ರ ಖಂಡಿತ ಕೇಳಿರುತ್ತೀರಿ. ಜಾನಿ ಕ್ಯಾಶ್ ಹಾಡಿದ ‘ರಿಂಗ್ ಆಫ್ ಫೈರ್’ ಶುರುವಿನಲ್ಲಿ ಟ್ರಂಪೆಟ್ ಬರುತ್ತದಲ್ಲ, ಅದನ್ನು ಕೂರಿಸಿದವನು ಇವನು. ಜೆರಿ ಲೀ ಲೂಯಿಸ್ ಪಿಯಾನೋ ಮುರಿಯೋ ಹಾಗೆ ಬಾರಿಸಿದ ‘ಹೋಲ್ ಲಾಟ್ಟಾ ಶೇಕಿನ್ ಗೋಯಿಂಗ್ ಆನ್’ ರೆಕಾರ್ಡ್ ಆದಾಗ ಟೇಪ್ ಓಡಿಸಿದವನೂ ಇವನೇ. ಅಮೆರಿಕದ ಕಂಟ್ರಿ ಸಂಗೀತದಲ್ಲಿ (ದಕ್ಷಿಣದ ಹಳ್ಳಿಗಾಡಿನಿಂದ ಬೆಳೆದು ಬಂದ ಹಾಡಿನ ಪ್ರಕಾರ) ಹಾಡು ಬರೆದ, ಬೇರೆಯವರ ಹಾಡು ರೆಕಾರ್ಡ್ ಮಾಡಿಸಿದ, ಸ್ಟುಡಿಯೋ ಕಟ್ಟಿದ, ದುಡ್ಡು ಮಾಡಿದ, ಕಳೆದ. 1931ರ ಏಪ್ರಿಲ್ 5ರಂದು ಟೆನೆಸೀ ರಾಜ್ಯದ ಮೆಂಫಿಸ್ ಪಕ್ಕದ ವೈಟ್‌ಹೇವನ್‌ನಲ್ಲಿ ಹುಟ್ಟಿ, 2013ರ ಆಗಸ್ಟ್ 8ರಂದು ಕಂಟ್ರಿ ಸಂಗೀತದ ರಾಜಧಾನಿ ನ್ಯಾಶ್‌ವಿಲ್‌ನಲ್ಲಿ ತೀರಿಕೊಂಡ.

ನನ್ನ ಪ್ರಕಾರ ಇವನ ನಿಜವಾದ ಪ್ರತಿಭೆ ಇದ್ದದ್ದು ಒಂದೇ ಕಡೆ. ಯಾವಾಗ ಟೇಪ್ ಆನ್ ಮಾಡಬೇಕು, ಯಾವಾಗ ಬಾಯಿ ಮುಚ್ಚಿಕೊಂಡು ಕೂರಬೇಕು ಅಂತ ಗೊತ್ತಿತ್ತು. ಎರಡನೆಯದನ್ನು ಮರೆತಾಗಲೆಲ್ಲ ಕೆಲಸ ಸ್ವಲ್ಪ ಕೆಟ್ಟಿದೆ. ಅದಕ್ಕೂ ಕೆಳಗೆ ಉತ್ತರ ಇದೆ.

ಪ್ರೊಡ್ಯೂಸರ್ ಅಂದ್ರೆ ದುಡ್ಡು ಹಾಕೋನಾ?

ಸಿನಿಮಾದಲ್ಲಿ ಹಾಗೆ. ರೆಕಾರ್ಡ್ ಕೆಲಸದಲ್ಲಿ ಅಲ್ಲ. ಇಲ್ಲಿ ಪ್ರೊಡ್ಯೂಸರ್ ಹಾಡು ಆರಿಸುತ್ತಾನೆ, ಯಾವ ವಾದ್ಯದವರನ್ನು ಕರೆಯಬೇಕು ಅಂತ ತೀರ್ಮಾನ ಮಾಡುತ್ತಾನೆ, ಗಾಯಕನ ಮೂಡ್ ನೋಡಿಕೊಳ್ಳುತ್ತಾನೆ, ಕೊನೆಗೆ ‘ಈ ಟೇಕ್ ಸಾಕು’ ಅಂತ ಹೇಳುತ್ತಾನೆ. ನ್ಯಾಶ್‌ವಿಲ್‌ನಲ್ಲಿ ಆಗ ವಾದ್ಯಗಾರರ ಯೂನಿಯನ್ ನಿಯಮದ ಪ್ರಕಾರ ಒಂದು ಸೆಷನ್ ಅಂದರೆ ಮೂರು ಗಂಟೆ. ಅಷ್ಟರಲ್ಲಿ ಮೂರೋ ನಾಲ್ಕೋ ಹಾಡು ಮುಗಿಯಬೇಕು. ಹಾಗಾಗಿ ಎಲ್ಲರ ಕಣ್ಣೂ ಗಡಿಯಾರದ ಮೇಲೆ. ಜ್ಯಾಕ್ ಮಾತ್ರ ಅಂಥ ಕಡೆಯೂ ಡ್ಯಾನ್ಸ್ ಮಾಡುತ್ತಾ ಓಡಾಡುತ್ತಿದ್ದ. ನಾವು ಮಜಾ ಮಾಡೋ ವ್ಯಾಪಾರದಲ್ಲಿದ್ದೇವೆ, ಮಜಾ ಬರುತ್ತಿಲ್ಲ ಅಂದರೆ ನಮ್ಮ ಕೆಲಸ ನಾವು ಮಾಡುತ್ತಿಲ್ಲ ಅಂತ ಅರ್ಥ ಅನ್ನೋದು ಅವನ ಮಾಮೂಲಿ ಮಾತು.

‘ಕೌಬಾಯ್’ ಅಂತ ಯಾಕೆ? ದನ ಗಿನ ಕಾಯ್ತಿದ್ನಾ?

ಇಲ್ಲಪ್ಪ. ಅದು ಅಂಟಿಕೊಂಡ ಅಡ್ಡಹೆಸರು ಅಷ್ಟೇ.

ಸಂಗೀತಕ್ಕೆ ಬರೋ ಮುಂಚೆ ಏನು ಮಾಡ್ತಿದ್ದ?

ಹದಿಹರೆಯದಲ್ಲೇ ಮರೀನ್ ಸೈನ್ಯ ಸೇರಿದ. ವಾಷಿಂಗ್ಟನ್‌ನಲ್ಲಿ ಪೋಸ್ಟಿಂಗ್. ಡ್ಯೂಟಿ ಮುಗಿದ ಮೇಲೆ ಅಲ್ಲಿನ ಬ್ಲೂಗ್ರಾಸ್ (ಬ್ಯಾಂಜೋ, ಮ್ಯಾಂಡೊಲಿನ್ ಇರೋ ಕಂಟ್ರಿಯದ್ದೇ ಒಂದು ಕವಲು) ಹುಡುಗರ ಜೊತೆ ಸೇರಿ ಬಾರಿಸುತ್ತಿದ್ದ. ಸೈನ್ಯ ಬಿಟ್ಟ ಮೇಲೆ ಬಜ್ ಬಸ್ಬಿ ಅನ್ನುವ ಮ್ಯಾಂಡೊಲಿನ್ ವಾದಕನ ಜೊತೆ ಜೋಡಿ ಕಟ್ಟಿಕೊಂಡು ಊರೂರು ಸುತ್ತಿದ. ಆಮೇಲೆ ಮೆಂಫಿಸ್‌ಗೆ ವಾಪಸ್ಸು ಬಂದು ಕಾಲೇಜು ಸೇರಿದ, ಆರ್ಥರ್ ಮರ್ರಿ ಡ್ಯಾನ್ಸ್ ಸ್ಟುಡಿಯೋದಲ್ಲಿ ಜನರಿಗೆ ಹೆಜ್ಜೆ ಹಾಕೋದು ಕಲಿಸಿದ. ಸುಮ್ನೆ ತಮಾಷೆಗೆ ಈ ವಿಷಯ ಹೇಳುತ್ತಿಲ್ಲ. ಅವನ ಹಾಡುಗಳ ಲಯ ಗಮನಿಸಿ, ಕಾಲು ತಾನಾಗೇ ಆಡುತ್ತದೆ. ಜನ ಯಾವ ತಾಳಕ್ಕೆ ತಡವರಿಸುತ್ತಾರೆ, ಯಾವುದಕ್ಕೆ ಸಲೀಸಾಗಿ ಕುಣಿಯುತ್ತಾರೆ ಅಂತ ದಿನಾ ಕಣ್ಣಾರೆ ನೋಡಿದವನು.

ಸನ್ ರೆಕಾರ್ಡ್ಸ್‌ನಲ್ಲಿ ಕೆಲಸ ಸಿಕ್ಕಿದ್ದು ಹೇಗೆ?

ಒಂದು ಟೇಪ್‌ನಿಂದ. ಮೆಂಫಿಸ್‌ನಲ್ಲಿ ಒಬ್ಬ ಗೆಳೆಯನ ಗ್ಯಾರೇಜಿನಲ್ಲಿ ಫರ್ನ್‌ವುಡ್ ಅನ್ನೋ ಸಣ್ಣ ಕಂಪನಿ ಶುರು ಮಾಡೋ ಪ್ರಯತ್ನ ನಡೆದಿತ್ತು. ಬಿಲ್ಲಿ ಲೀ ರೈಲಿ ಅನ್ನುವ ಗಾಯಕನ ಹಾಡು ರೆಕಾರ್ಡ್ ಮಾಡಿಕೊಂಡು, ಡಿಸ್ಕ್ ಒತ್ತೋಕೆ ಬೇಕಾದ ಮೂಲಪ್ರತಿ (ಮಾಸ್ಟರ್) ಮಾಡಿಸಲು 706, ಯೂನಿಯನ್ ಅವೆನ್ಯೂದಲ್ಲಿದ್ದ ಸನ್ ರೆಕಾರ್ಡ್ಸ್ ಮಾಲೀಕ ಸ್ಯಾಮ್ ಫಿಲಿಪ್ಸ್ ಹತ್ತಿರ ಹೋದ. ಎಲ್ವಿಸ್ ಪ್ರೀಸ್ಲಿಯನ್ನು ಲೋಕಕ್ಕೆ ಕೊಟ್ಟ ಸ್ಯಾಮ್ ಅವನೇ. ಟೇಪ್ ಕೇಳಿದ ಸ್ಯಾಮ್ ಗಾಯಕನನ್ನೂ ಇಟ್ಟುಕೊಂಡ, ರೆಕಾರ್ಡ್ ಮಾಡಿದವನನ್ನೂ ಇಟ್ಟುಕೊಂಡ. ಇದು 1956ರಲ್ಲಿ. ಎಲ್ವಿಸ್ ಅಷ್ಟರಲ್ಲಿ ಆರ್‌ಸಿಎ ಕಂಪನಿಗೆ ಹೋಗಿಯಾಗಿತ್ತು. ಸ್ಯಾಮ್‌ಗೆ ಒಬ್ಬನೇ ಎಲ್ಲ ಮಾಡಿ ಸಾಕಾಗಿತ್ತು. ಹಾಗಾಗಿ ಕನ್ಸೋಲ್ (ಧ್ವನಿ ಹೊಂದಿಸೋ ಯಂತ್ರ) ಮುಂದೆ ಜ್ಯಾಕ್ ಕೂತ.

ಜೆರಿ ಲೀ ಲೂಯಿಸ್‌ನ ಕಂಡುಹಿಡಿದದ್ದು ಸ್ಯಾಮ್ ಅಲ್ವಾ?

ಹೆಸರು ಸ್ಯಾಮ್‌ಗೆ ಹೋಯಿತು. ಆದರೆ ಆ ಹುಡುಗ 1956ರ ಕೊನೆಯಲ್ಲಿ ಲೂಯಿಸಿಯಾನಾದ ಫೆರಿಡೇ ಊರಿನಿಂದ ಬಂದಾಗ ಸ್ಯಾಮ್ ಊರಲ್ಲೇ ಇರಲಿಲ್ಲ. ಅಪ್ಪ ಮೊಟ್ಟೆ ಮಾರಿ ಪ್ರಯಾಣದ ಖರ್ಚು ಹೊಂದಿಸಿದ್ದ ಅಂತ ಕಥೆ ಇದೆ. ಬಾಗಿಲಲ್ಲಿ ಹೀಗೆ ಯಾರ್ಯಾರೋ ಬಂದು ನಿಲ್ಲೋದು ಆ ಸ್ಟುಡಿಯೋಗೆ ಹೊಸದಲ್ಲ. ಸಾಹೇಬ್ರಿಲ್ಲ, ಆಮೇಲೆ ಬನ್ನಿ ಅಂತ ಹೇಳಿ ಕಳಿಸಬಹುದಿತ್ತು. ಜ್ಯಾಕ್ ಕೂರಿಸಿ ಬಾರಿಸೋಕೆ ಹೇಳಿದ, ಟೇಪ್ ಮಾಡಿಟ್ಟ, ಸ್ಯಾಮ್ ಬಂದ ಮೇಲೆ ಕೇಳಿಸಿದ. ಮುಂದಿನದು ನಿಮಗೇ ಗೊತ್ತು.

‘ಹೋಲ್ ಲಾಟ್ಟಾ ಶೇಕಿನ್’ ಒಂದೇ ಟೇಕ್‌ನಲ್ಲಿ ಆಯ್ತು ಅಂತಾರೆ, ನಿಜಾನಾ?

ಹೌದು. ಈ ಕಥೆ ಬಿಡಿಸಿ ಹೇಳೋಕೆ ನನಗೆ ತುಂಬ ಇಷ್ಟ.

1957. ಆ ದಿನ ಅವರು ಕೂತಿದ್ದು ಬೇರೆ ಹಾಡಿಗೆ. ‘ಇಟ್ಲ್ ಬಿ ಮೀ’ ಅಂತ, ಅದು ಜ್ಯಾಕ್ ತಾನೇ ಬರೆದದ್ದು. ಬರೆದವನೇ ಪ್ರೊಡ್ಯೂಸರ್ ಆದರೆ ಏನಾಗುತ್ತೆ ಗೊತ್ತಲ್ಲ, ಇನ್ನೊಂದು ಸಲ, ಇನ್ನೊಂದು ಸಲ ಅಂತ ಎಳೆದಾಟ. ಎಲ್ಲರಿಗೂ ಸುಸ್ತಾಯಿತು. ಸ್ವಲ್ಪ ಬಿಟ್ಟು ಆಮೇಲೆ ನೋಡೋಣ, ಬೇರೆ ಏನಾದರೂ ಬಾರಿಸಿ ಅಂದ ಜ್ಯಾಕ್. ಬೇಸ್ ಬಾರಿಸುತ್ತಿದ್ದ ಜೆ.ಡಬ್ಲ್ಯೂ. ಬ್ರೌನ್, ನಾವು ಶೋಗಳಲ್ಲಿ ಆಡ್ತೀವಲ್ಲ, ಜನ ಹುಚ್ಚೆದ್ದು ಕುಣಿಯೋ ಆ ಹಾಡು ಬಾರಿಸೋಣ ಅಂದ. ಜ್ಯಾಕ್ ಕಂಟ್ರೋಲ್ ರೂಮಿಗೆ ಹೋಗಿ ಟೇಪ್ ಆನ್ ಮಾಡಿ ಕೂತ. ಟೆಸ್ಟ್ ಮಾಡಲಿಲ್ಲ, ಮೈಕ್ ಸರಿಸಲಿಲ್ಲ. ಹಾಡು ಮುಗಿಯಿತು. ಲೋಕ ಇವತ್ತಿಗೂ ಕೇಳುತ್ತಿರೋದು ಅದನ್ನೇ.

ಆಮೇಲೆ ‘ಇಟ್ಲ್ ಬಿ ಮೀ’ಗೆ ವಾಪಸ್ಸು ಹೋದರು. ಅದೂ ರೆಕಾರ್ಡ್ ಆಯಿತು, ಅದೇ ಡಿಸ್ಕಿನ ಹಿಂದಿನ ಮಗ್ಗುಲಿಗೆ ಹೋಯಿತು.

ಅಯ್ಯೋ, ಅವನ ಹಾಡು ಬಿ ಸೈಡ್‌ಗೆ ಹೋದ್ರೆ ನಷ್ಟ ಅಲ್ವಾ?

ಮಾನಕ್ಕೆ ನಷ್ಟ, ಜೇಬಿಗೆ ಲಾಭ. ಅಮೆರಿಕದ 1909ರ ಕಾಪಿರೈಟ್ ಕಾಯ್ದೆ ಪ್ರಕಾರ ಮಾರಾಟವಾದ ಪ್ರತಿ ಡಿಸ್ಕಿಗೆ, ಪ್ರತಿ ಹಾಡಿಗೆ 2 ಸೆಂಟ್ ದರ. ಕಂಪನಿಗಳು ಚೌಕಾಸಿ ಮಾಡಿ ಅದಕ್ಕಿಂತ ಕಡಿಮೆ ಕೊಟ್ಟದ್ದೂ ಇದೆ. ಆ ದರ 1978ರವರೆಗೂ ಬದಲಾಗಲಿಲ್ಲ ಅಂದರೆ ನಂಬುತ್ತೀರಾ? ಬಂದದ್ದನ್ನು ಬರೆದವನೂ ಪಬ್ಲಿಷರೂ (ಹಾಡಿನ ಹಕ್ಕು ನೋಡಿಕೊಳ್ಳೋ ಕಂಪನಿ) ಸಾಮಾನ್ಯವಾಗಿ ಅರ್ಧರ್ಧ ಹಂಚಿಕೊಳ್ಳುತ್ತಿದ್ದರು. ಈ ಲೆಕ್ಕದಲ್ಲಿ ಎ ಸೈಡ್, ಬಿ ಸೈಡ್ ಅಂತ ಭೇದ ಇಲ್ಲ. ಜನ ‘ಶೇಕಿನ್’ಗೋಸ್ಕರ ಕೊಂಡ ಒಂದೊಂದು ಡಿಸ್ಕಿನ ಮೇಲೂ ಹಿಂದಿನ ಹಾಡಿಗೆ ಪಾಲು ಇತ್ತು.

ಇನ್ನೊಂದು ವಿಷಯ. ಅಮೆರಿಕದ ಮಾಮೂಲಿ ರೇಡಿಯೋದಲ್ಲಿ ಹಾಡು ಬಂದರೆ ರಾಯಲ್ಟಿ ಹೋಗೋದು ಬರೆದವನಿಗೆ ಮತ್ತು ಪಬ್ಲಿಷರ್‌ಗೆ. ಹಾಡಿದವನಿಗೆ ಏನೂ ಇಲ್ಲ. ಕಂಟ್ರಿ ಸಂಗೀತದಲ್ಲಿ ಹಾಡು ಬರೆಯೋರಿಗೆ ಇಷ್ಟು ಬೆಲೆ ಯಾಕೆ, ಗಾಯಕರೂ ಯಾಕೆ ಬರೆಯೋದರಲ್ಲಿ ಪಾಲು ಬೇಕು ಅಂತ ಹಟ ಹಿಡಿಯುತ್ತಾರೆ ಅನ್ನೋದಕ್ಕೆ ಅರ್ಧ ಉತ್ತರ ಇಲ್ಲೇ ಇದೆ.

ಮಿಲಿಯನ್ ಡಾಲರ್ ಕ್ವಾರ್ಟೆಟ್ ದಿನ ಇವನೂ ಇದ್ನಾ?

ಇದ್ದ, ಕನ್ಸೋಲ್ ಮುಂದೆ. 1956ರ ಡಿಸೆಂಬರ್ 4. ಸನ್‌ನ ಇನ್ನೊಬ್ಬ ಗಾಯಕ ಕಾರ್ಲ್ ಪರ್ಕಿನ್ಸ್ ರೆಕಾರ್ಡಿಂಗ್ ನಡೆಯುತ್ತಿತ್ತು, ಕೂಲಿಗೆ ಪಿಯಾನೋ ಬಾರಿಸೋಕೆ ಜೆರಿ ಲೀ ಬಂದಿದ್ದ. ಎಲ್ವಿಸ್ ಹಳೇ ಜಾಗ ನೋಡೋಕೆ ಅಂತ ಒಳಗೆ ಬಂದ. ಜಾನಿ ಕ್ಯಾಶ್ ಕೂಡ ಇದ್ದ. ಈ ನಾಲ್ವರ ಕೂಟಕ್ಕೆ ಅಂಟಿಕೊಂಡ ಹೆಸರೇ ಮಿಲಿಯನ್ ಡಾಲರ್ ಕ್ವಾರ್ಟೆಟ್. ಪಿಯಾನೋ ಸುತ್ತ ನಿಂತು ಜಾಸ್ತಿ ಚರ್ಚ್ ಹಾಡುಗಳನ್ನೇ ಹಾಡಿಕೊಂಡರು. ಸ್ಯಾಮ್ ಪತ್ರಿಕೆಯವರನ್ನು ಕರೆಸಿ ಫೋಟೋ ತೆಗೆಸಿದ. ಜ್ಯಾಕ್ ಟೇಪ್ ಓಡಿಸಿಯೇ ಇದ್ದ. ಮಧ್ಯೆ ಮಾತು, ನಗು, ಅರ್ಧಕ್ಕೆ ನಿಂತ ಹಾಡು, ಎಲ್ಲ ಅದರಲ್ಲಿದೆ. ಆ ಟೇಪ್ 1981ರವರೆಗೆ ಮಾರುಕಟ್ಟೆಗೇ ಬರಲಿಲ್ಲ.

ಹಾಗಾದ್ರೆ ಇವನ ಲೆಕ್ಕಾಚಾರ ಎಂದೂ ತಪ್ಪೇ ಇಲ್ವಾ?

ಸಿಕ್ಕಾಪಟ್ಟೆ ತಪ್ಪಿದೆ. ಸನ್‌ನಲ್ಲಿದ್ದ ರಾಯ್ ಆರ್ಬಿಸನ್‌ಗೆ, ನಿಧಾನ ಗತಿಯ ಭಾವಗೀತೆ ಬಿಡು, ಅದರಲ್ಲಿ ನೀನು ಮೇಲೆ ಬರಲ್ಲ ಅಂತ ಬುದ್ಧಿ ಹೇಳಿದವನು ಇವನೇ. ಆರ್ಬಿಸನ್ ಮುಂದೆ ಅಂಥ ಹಾಡುಗಳಿಂದಲೇ ಜಗತ್ತಿಗೆಲ್ಲ ಗೊತ್ತಾದ. ಜ್ಯಾಕ್ ಈ ಕಥೆಯನ್ನು ತಾನೇ ನಗುತ್ತಾ ಹೇಳಿಕೊಂಡು ಓಡಾಡುತ್ತಿದ್ದ.

ಜಾನಿ ಕ್ಯಾಶ್‌ಗೆ ಬರೆದುಕೊಟ್ಟ ‘ಬ್ಯಾಲಡ್ ಆಫ್ ಎ ಟೀನೇಜ್ ಕ್ವೀನ್’, ‘ಗೆಸ್ ಥಿಂಗ್ಸ್ ಹ್ಯಾಪನ್ ದಟ್ ವೇ’ ಎರಡೂ 1958ರಲ್ಲಿ ಕಂಟ್ರಿ ಹಿಟ್ ಹಾಡುಗಳ ಪಟ್ಟಿಯಲ್ಲಿ ನಂಬರ್ 1. ಗೆದ್ದ ಹಾಡುಗಳು, ಒಪ್ಪಿದೆ. ಆದರೆ ಮೊದಲನೆಯದರಲ್ಲಿ ಹಿಂದೆ ಒಂದು ಕೋರಸ್ ಸೇರಿಸಿದ್ದಾನೆ ನೋಡಿ, ಅದು ನನಗೆ ಇವತ್ತಿಗೂ ಅತಿ ಸಿಹಿ. ಕ್ಯಾಶ್‌ನ ಧ್ವನಿಗೆ ಒಂದು ಗಿಟಾರ್, ಒಂದು ಬೇಸ್ ಸಾಕು. 1968ರಲ್ಲಿ ಟೌನ್ಸ್ ವ್ಯಾನ್ ಝಾಂಟ್ ಅನ್ನುವ ಟೆಕ್ಸಾಸ್ ಕವಿಯ ಮೊದಲ ಆಲ್ಬಂ ಮಾಡುವಾಗಲೂ ಅದೇ ಕಾಯಿಲೆ. ಒಬ್ಬ ಮನುಷ್ಯ ಮತ್ತು ಒಂದು ಗಿಟಾರ್ ಇರಬೇಕಾದ ಜಾಗದಲ್ಲಿ ಏನೇನೋ ತುಂಬಿಬಿಟ್ಟರು. ಟೌನ್ಸ್ ಅದರಲ್ಲಿನ ಕೆಲವು ಹಾಡುಗಳನ್ನು ಮುಂದೆ ಮತ್ತೆ ಹಾಡಿ ರೆಕಾರ್ಡ್ ಮಾಡಿದ. ಎರಡನ್ನೂ ಪಕ್ಕಪಕ್ಕ ಕೇಳಿ, ವ್ಯತ್ಯಾಸ ಗೊತ್ತಾಗುತ್ತದೆ.

ಸನ್ ಬಿಟ್ಟಿದ್ದು ಯಾಕೆ?

ಬಿಡಲಿಲ್ಲ, ಬಿಡಿಸಿದರು. 1959ರಲ್ಲಿ ಸ್ಯಾಮ್ ಇವನನ್ನೂ ಅಲ್ಲೇ ಇದ್ದ ಸ್ಯಾಕ್ಸೋಫೋನ್ ವಾದಕ ಬಿಲ್ ಜಸ್ಟಿಸ್‌ನನ್ನೂ ಒಟ್ಟಿಗೆ ಮನೆಗೆ ಕಳಿಸಿದ. ಆಮೇಲೆ ಕೆಲ ಕಾಲ ನ್ಯಾಶ್‌ವಿಲ್‌ನಲ್ಲಿ ಗಿಟಾರ್ ವಾದಕ, ಆರ್‌ಸಿಎ ಪ್ರೊಡ್ಯೂಸರ್ ಚೆಟ್ ಅಟ್ಕಿನ್ಸ್ ಕೈಕೆಳಗೆ ಕೆಲಸ. ನಂತರ ಟೆಕ್ಸಾಸ್‌ನ ಬೋಮಾಂಟ್‌ಗೆ ಹೋಗಿ ಬಿಲ್ ಹಾಲ್ ಜೊತೆ ಸ್ಟುಡಿಯೋ ಮತ್ತು ಪಬ್ಲಿಷಿಂಗ್ ಕಂಪನಿ. ಡಿಕ್ಕಿ ಲೀ, ಅಲೆನ್ ರೆನಾಲ್ಡ್ಸ್, ಬಾಬ್ ಮೆಕ್‌ಡಿಲ್ ಥರದ ಬರೆಯುವ ಹುಡುಗರು ಇವನ ಸುತ್ತ ಸೇರಿಕೊಂಡರು. ಡಿಕ್ಕಿ ಲೀ ಬರೆದ ‘ಶೀ ಥಿಂಕ್ಸ್ ಐ ಸ್ಟಿಲ್ ಕೇರ್’ ಹಾಡನ್ನು ಕಂಟ್ರಿ ಗಾಯಕ ಜಾರ್ಜ್ ಜೋನ್ಸ್ ಕಿವಿಗೆ ಹಾಕಿದ್ದು ಇವನೇ, 1962ರಲ್ಲಿ ಅದು ನಂಬರ್ 1. ಹೊರಗಿನವರಿಗೆ ಬೋಮಾಂಟ್ ವರ್ಷಗಳು ವನವಾಸದ ಹಾಗೆ ಕಾಣುತ್ತವೆ. ನನಗೆ ಅನಿಸೋದು, ಅಲ್ಲೇ ಅವನು ಪಬ್ಲಿಷಿಂಗ್ ಅನ್ನೋ ಅಸಲಿ ವ್ಯಾಪಾರ ಕಲಿತ.

‘ರಿಂಗ್ ಆಫ್ ಫೈರ್’ ಟ್ರಂಪೆಟ್ ಕಥೆ ಏನು?

ಮೆಕ್ಸಿಕೋದ ಮರಿಯಾಚಿ ಬ್ಯಾಂಡ್ ಥರ ಟ್ರಂಪೆಟ್ ಈ ಹಾಡಿಗೆ ಬಾರಿಸಿದ ಹಾಗೆ ಕ್ಯಾಶ್‌ಗೆ ಕನಸು ಬಿತ್ತಂತೆ. 1963. ಇದನ್ನು ನ್ಯಾಶ್‌ವಿಲ್‌ನ ಅಧಿಕೃತ ಪ್ರೊಡ್ಯೂಸರ್‌ಗಳಿಗೆ ಹೇಳಿದರೆ ನಗುತ್ತಾರೆ ಅಂತಲೋ ಏನೋ, ಬೋಮಾಂಟ್‌ಗೆ ಫೋನ್ ಮಾಡಿ ಜ್ಯಾಕ್‌ನನ್ನು ಕರೆಸಿಕೊಂಡ. ಜ್ಯಾಕ್ ಟ್ರಂಪೆಟ್ ಸ್ವರ ಹೇಳಿಕೊಟ್ಟ, ಗಿಟಾರ್ ಕೂಡ ಬಾರಿಸಿದ. ಡಿಸ್ಕಿನ ಮೇಲೆ ಪ್ರೊಡ್ಯೂಸರ್ ಅಂತ ಬಂದದ್ದು ಡಾನ್ ಲಾ ಮತ್ತು ಫ್ರಾಂಕ್ ಜೋನ್ಸ್ ಹೆಸರು.

ಚಾರ್ಲಿ ಪ್ರೈಡ್ ವಿಷಯದಲ್ಲಿ ಇವನ ಪಾತ್ರ ಎಷ್ಟು?

ಬಹಳ. ಇದೊಂದನ್ನೇ ಮಾಡಿದ್ದರೂ ಸಾಕಿತ್ತು.

ಚಾರ್ಲಿ ಪ್ರೈಡ್ ಮಿಸಿಸಿಪ್ಪಿಯ ಸ್ಲೆಡ್ಜ್ ಅನ್ನುವ ಊರಿನ ಹತ್ತಿ ಹೊಲದ ಕುಟುಂಬದವನು, ಕಪ್ಪು ಜನಾಂಗದ ಗಾಯಕ. ಬೇಸ್‌ಬಾಲ್ ಆಡಿದ, ಮೊಂಟಾನಾದಲ್ಲಿ ಲೋಹ ಕರಗಿಸೋ ಕಾರ್ಖಾನೆಯಲ್ಲಿ ದುಡಿದ. ಹಾಡುತ್ತಿದ್ದದ್ದು ಅಪ್ಪಟ ಕಂಟ್ರಿ. ಅದು 1965, ದಕ್ಷಿಣದಲ್ಲಿ ಕಪ್ಪು ಜನ ಓಟಿಗಾಗಿ ಹೊಡೆತ ತಿನ್ನುತ್ತಿದ್ದ ಕಾಲ. ಕಂಟ್ರಿ ರೇಡಿಯೋ ಅಂದರೆ ಬಿಳಿಯರದ್ದು ಅನ್ನೋ ಲೆಕ್ಕ. ಮ್ಯಾನೇಜರ್ ತಂದ ಟೇಪ್ ಕೇಳಿದ ಜ್ಯಾಕ್, ಸೆಷನ್ ಖರ್ಚು ತಾನೇ ಹಾಕುತ್ತೇನೆ ಅಂದ. ರೆಕಾರ್ಡ್ ಮಾಡಿದ ಮೇಲೆ ಕಂಪನಿ ಕಂಪನಿ ಸುತ್ತಿದ. ಯಾರೂ ತೆಗೆದುಕೊಳ್ಳಲಿಲ್ಲ. ಧ್ವನಿ ಎಲ್ಲರಿಗೂ ಇಷ್ಟ, ಮುಖ ಮಾತ್ರ ಬೇಡ.

ಕೊನೆಗೆ ಚೆಟ್ ಅಟ್ಕಿನ್ಸ್ ಆ ಟೇಪನ್ನು ಆರ್‌ಸಿಎ ದೊಡ್ಡವರ ಸಭೆಗೆ ಒಯ್ದ. ಮೊದಲು ಹಾಡು ಕೇಳಿಸಿದ, ಆಮೇಲೆ ಹಾಡಿದವನು ಯಾರು ಅಂತ ಹೇಳಿದ. 1966ರ ಜನವರಿಯಲ್ಲಿ ಮೊದಲ ಹಾಡು ಬಂತು, ‘ಕಂಟ್ರಿ ಚಾರ್ಲಿ ಪ್ರೈಡ್’ ಅನ್ನೋ ಹೆಸರಲ್ಲಿ. ರೇಡಿಯೋ ಸ್ಟೇಷನ್‌ಗಳಿಗೆ ಫೋಟೋ ಕಳಿಸಲಿಲ್ಲ. ಕೇಳುಗರು ಮೊದಲು ಧ್ವನಿಗೆ ಒಗ್ಗಿಕೊಳ್ಳಲಿ ಅನ್ನೋ ಉಪಾಯ. ಡೆಟ್ರಾಯಿಟ್‌ನ ಒಂದು ದೊಡ್ಡ ಶೋನಲ್ಲಿ ಅವನ ಹೆಸರು ಕೂಗಿದಾಗ ಚಪ್ಪಾಳೆ ಬಿತ್ತು, ಅವನು ವೇದಿಕೆಗೆ ಬಂದದ್ದೇ ಚಪ್ಪಾಳೆ ನಿಂತು ಹೋಯಿತು. ತನ್ನ ಬಣ್ಣದ ಮೇಲೆ ತಾನೇ ಒಂದು ಜೋಕ್ ಹೊಡೆದು ಹಾಡಲು ಶುರು ಮಾಡಿದ. ಇಂಥ ಜೋಕ್ ಅವನೇ ಹೊಡೆಯಬೇಕಾಗಿ ಬಂತಲ್ಲ ಅನ್ನೋದು ನನಗೆ ಬೇಜಾರಿನ ವಿಷಯ.

ಮೂರನೇ ಹಾಡು ‘ಜಸ್ಟ್ ಬಿಟ್ವೀನ್ ಯೂ ಆ್ಯಂಡ್ ಮೀ’ ಬರೆದದ್ದು ಜ್ಯಾಕ್. ಅದು ಕಂಟ್ರಿ ಪಟ್ಟಿಯಲ್ಲಿ ಮೊದಲ ಹತ್ತರೊಳಗೆ ಹೋಯಿತು, ಪ್ರೈಡ್‌ನ ದಾರಿ ತೆರೆಯಿತು. ಆಮೇಲೆ ವರ್ಷಗಟ್ಟಲೆ ಇಬ್ಬರೂ ಜೊತೆಯಲ್ಲೇ ಕೆಲಸ ಮಾಡಿದರು. 1971ರ ‘ಕಿಸ್ ಆ್ಯನ್ ಏಂಜೆಲ್ ಗುಡ್ ಮಾರ್ನಿನ್’ ಬರೆದದ್ದು ಬೆನ್ ಪೀಟರ್ಸ್, ಮಾಡಿಸಿದ್ದು ಜ್ಯಾಕ್. ಅದೇ ವರ್ಷ ಪ್ರೈಡ್‌ಗೆ ಕಂಟ್ರಿ ಮ್ಯೂಸಿಕ್ ಅಸೋಸಿಯೇಷನ್‌ನ ಎಂಟರ್‌ಟೈನರ್ ಆಫ್ ದಿ ಇಯರ್ ಪ್ರಶಸ್ತಿ ಬಂತು. ಆ ಹಾಡು ಕೇಳುವಾಗ ಗಮನಿಸಿ, ಪ್ರೊಡ್ಯೂಸರ್ ಎಲ್ಲೂ ಮೂಗು ತೂರಿಸಿಲ್ಲ. ಧ್ವನಿ ಮುಂದೆ, ಉಳಿದದ್ದೆಲ್ಲ ಹಿಂದೆ.

ತಮಾಷೆ ಹಾಡು ಬರೀತಿದ್ದ ಅಂತ ಕೇಳಿದ್ದೆ.

ಹೌದು, ಮೊಟ್ಟೆ ಕದಿಯೋ ನಾಯಿ ಮೇಲೆ ಒಂದು, ಬಚ್ಚಲಿಗೂ ಪ್ರೀತಿಗೂ ಗಂಟು ಹಾಕಿ ಇನ್ನೊಂದು. 1968ರ ಜನವರಿಯಲ್ಲಿ ಕ್ಯಾಶ್ ಫೋಲ್ಸಮ್ ಜೈಲಿನಲ್ಲಿ ಕೈದಿಗಳ ಮುಂದೆ ಆ ಎರಡನ್ನೂ ಹಾಡಿದ, ನಗು ಆ ಆಲ್ಬಂನಲ್ಲೇ ಕೇಳಿಸುತ್ತದೆ. ಕೊಲೆ, ಗಲ್ಲು ಅಂತ ಹಾಡುಗಳ ಮಧ್ಯೆ ಇವು ಉಸಿರಾಡೋಕೆ ಜಾಗ ಕೊಡುತ್ತವೆ. 1966ರ ‘ದಿ ಒನ್ ಆನ್ ದಿ ರೈಟ್ ಈಸ್ ಆನ್ ದಿ ಲೆಫ್ಟ್’ ಇನ್ನೂ ಚುರುಕು. ಒಂದು ಹಾಡಿನ ತಂಡ ರಾಜಕೀಯದ ಜಗಳದಲ್ಲಿ ವೇದಿಕೆ ಮೇಲೇ ಒಡೆದು ಹೋಗೋ ಕಥೆ. ನಿಮ್ಮ ಫ್ಯಾಮಿಲಿ ವಾಟ್ಸಾಪ್ ಗುಂಪು ನೆನಪಾದರೆ ನಾನು ಜವಾಬ್ದಾರನಲ್ಲ.

ಕಂಟ್ರಿ ಗಾಯಕ ವೇಲನ್ ಜೆನಿಂಗ್ಸ್ ಇವನ ಸಂಬಂಧಿಕನಾ?

ಇಬ್ಬರೂ ಅಕ್ಕ ತಂಗಿಯರನ್ನು ಮದುವೆಯಾಗಿದ್ದರು. ವೇಲನ್ ಹೆಂಡತಿ ಗಾಯಕಿ ಜೆಸ್ಸಿ ಕೋಲ್ಟರ್, ಅವರ ಸಹೋದರಿಯೇ ಜ್ಯಾಕ್ ಹೆಂಡತಿ. 1975ರಲ್ಲಿ ಇಬ್ಬರೂ ಸೇರಿ ಮಾಡಿದ ‘ಡ್ರೀಮಿಂಗ್ ಮೈ ಡ್ರೀಮ್ಸ್’ ಆಲ್ಬಂ ನನ್ನ ಕಿವಿಗೆ ಜ್ಯಾಕ್‌ನ ಎಲ್ಲಕ್ಕಿಂತ ಒಳ್ಳೆ ಕೆಲಸ. ಶುರುವಿನ ಹಾಡಲ್ಲಿ ಎರಡೇ ಕಾರ್ಡ್ (ಗಿಟಾರಿನಲ್ಲಿ ಒಟ್ಟಿಗೆ ಬಾರಿಸೋ ಸ್ವರಗಳ ಗುಂಪು), ಒಂದೇ ಸಮನೆ ಗುದ್ದೋ ಡ್ರಮ್. ಕೋರಸ್ ಹುಚ್ಚಿನವನೇ ಇದನ್ನೂ ಮಾಡಿದ್ದು ಅಂದರೆ ನಂಬೋಕೆ ಆಗಲ್ಲ.

ಇಷ್ಟೆಲ್ಲ ಹಿಟ್ ಕೊಟ್ಟವನ ದುಡ್ಡು ಎಲ್ಲಿ ಹೋಯ್ತು?

ಒಂದಷ್ಟು ಸಿನಿಮಾಕ್ಕೆ. 1972ರಲ್ಲಿ ‘ಡಿಯರ್ ಡೆಡ್ ಡೆಲೈಲಾ’ ಅಂತ ಹಾರರ್ ಚಿತ್ರಕ್ಕೆ ಬಂಡವಾಳ ಹಾಕಿದ, ಇಲ್ಲಿ ಮಾತ್ರ ನಿಜವಾಗಲೂ ದುಡ್ಡು ಹಾಕಿದ ಪ್ರೊಡ್ಯೂಸರ್. ಮುಳುಗಿತು. ಜೆಎಂಐ ಅನ್ನುವ ರೆಕಾರ್ಡ್ ಕಂಪನಿ ಕಟ್ಟಿದ. ಕಂಟ್ರಿ ಗಾಯಕ ಡಾನ್ ವಿಲಿಯಮ್ಸ್‌ನ ಮೊದಲ ಆಲ್ಬಂ ಬಂದದ್ದು ಅಲ್ಲಿಂದ, ಆದರೆ ಕಂಪನಿ ಬೇಗ ಮುಚ್ಚಿತು, ಡಾನ್ ಬೇರೆ ಕಡೆ ಹೋಗಿ ದೊಡ್ಡವನಾದ. ‘ಜ್ಯಾಕ್ಸ್ ಟ್ರ್ಯಾಕ್ಸ್’ ಅಂತ ಒಂದು ಸ್ಟುಡಿಯೋ ಕಟ್ಟಿದ್ದ. ಅದು ಅಲೆನ್ ರೆನಾಲ್ಡ್ಸ್ ಕೈಗೆ ಹೋಯಿತು, ಕಂಟ್ರಿ ಗಾಯಕ ಗಾರ್ತ್ ಬ್ರೂಕ್ಸ್‌ನ ಕೋಟಿಗಟ್ಟಲೆ ಮಾರಾಟವಾದ ಆಲ್ಬಂಗಳು ಅಲ್ಲಿ ತಯಾರಾದದ್ದು ಆಮೇಲೆ. ಹಾಡುಗಳ ರಾಯಲ್ಟಿ ಇಲ್ಲದೆ ಇದ್ದಿದ್ದರೆ ಕಷ್ಟ ಇತ್ತು.

ಮನೆಗೆ ಬೆಂಕಿ ಬಿತ್ತಂತೆ?

2011ರ ಜೂನ್‌ನಲ್ಲಿ. ಬೆಲ್ಮಾಂಟ್ ಬೂಲೆವಾರ್ಡ್‌ನಲ್ಲಿ ಇದ್ದ ಅವನ ಮನೆಯೇ ಸ್ಟುಡಿಯೋ, ಹೆಸರು ‘ಕೌಬಾಯ್ ಆರ್ಮ್ಸ್ ಹೋಟೆಲ್ ಆ್ಯಂಡ್ ರೆಕಾರ್ಡಿಂಗ್ ಸ್ಪಾ’. ಹೋಟೆಲೂ ಅಲ್ಲ, ಸ್ಪಾನೂ ಅಲ್ಲ. ಹಾಡೋರು, ಬಾರಿಸೋರು, ಸುಮ್ನೆ ಹರಟೆಗೆ ಬರೋರು ಎಲ್ಲರಿಗೂ ಬಾಗಿಲು ತೆಗೆದಿರುತ್ತಿತ್ತು. 1970ರ ದಶಕದಿಂದಲೇ ವಿಡಿಯೋ ಕ್ಯಾಮೆರಾ ಹಿಡಿದು ಬಂದವರನ್ನೆಲ್ಲ ಚಿತ್ರೀಕರಿಸುತ್ತಿದ್ದ. ಅದೃಷ್ಟಕ್ಕೆ ಅದರಲ್ಲಿ ಒಂದಷ್ಟು 2005ರ ಒಂದು ಸಾಕ್ಷ್ಯಚಿತ್ರದಲ್ಲಿ ಮೊದಲೇ ಸೇರಿತ್ತು. ಬೆಂಕಿಯಲ್ಲಿ ಟೇಪು, ವಾದ್ಯ ಎಷ್ಟೋ ಹೋದವು. ಮನೆ ಮತ್ತೆ ಕಟ್ಟಿಸಿಕೊಂಡ.

ದೊಡ್ಡ ಗೌರವ ಏನಾದ್ರೂ ಸಿಕ್ತಾ?

1973ರಲ್ಲೇ ನ್ಯಾಶ್‌ವಿಲ್ ಸಾಂಗ್‌ರೈಟರ್ಸ್ ಹಾಲ್ ಆಫ್ ಫೇಮ್. ಕಂಟ್ರಿ ಮ್ಯೂಸಿಕ್ ಹಾಲ್ ಆಫ್ ಫೇಮ್‌ಗೆ ಹೆಸರು ಘೋಷಣೆ ಆದದ್ದು 2013ರ ಏಪ್ರಿಲ್‌ನಲ್ಲಿ. ಆಗಸ್ಟ್‌ನಲ್ಲಿ ಲಿವರ್ ಕ್ಯಾನ್ಸರ್‌ನಿಂದ ತೀರಿಕೊಂಡ. ಅಕ್ಟೋಬರ್‌ನಲ್ಲಿ ಸಮಾರಂಭ. ಸುದ್ದಿ ಕಿವಿಗೆ ಬಿದ್ದೇ ಹೋದ ಅನ್ನೋದಷ್ಟೇ ಸಮಾಧಾನ.

ನಮ್ಮ ಕಡೆ ಯಾರಾದ್ರೂ ಇವನ ಹಾಡು ಕೇಳಿರಬಹುದಾ?

ಗೊತ್ತಿಲ್ಲದೇ ಕೇಳಿರುತ್ತಾರೆ. ಕಂಟ್ರಿ ಗಾಯಕ ಜಿಮ್ ರೀವ್ಸ್ ನಮ್ಮ ದೇಶದಲ್ಲಿ, ಅದರಲ್ಲೂ ಆಂಗ್ಲೋ ಇಂಡಿಯನ್ ಮನೆಗಳಲ್ಲಿ ಎಷ್ಟು ಜನಪ್ರಿಯ ಅಂತ ಹೇಳಬೇಕಾಗಿಲ್ಲ. ಅವನು 1960ರಲ್ಲಿ ಹಾಡಿದ ‘ಐ ನೋ ಒನ್’ ಜ್ಯಾಕ್ ಬರೆದದ್ದು. ಮನೆಯಲ್ಲಿ ಹಳೇ ರೀವ್ಸ್ ಡಿಸ್ಕ್ ಇದ್ದರೆ ಲೇಬಲ್ ಮೇಲೆ ಹಾಡಿನ ಕೆಳಗೆ ಸಣ್ಣಕ್ಷರದಲ್ಲಿ ಏನಿದೆ ನೋಡಿ.

ಎಲ್ಲಿಂದ ಕೇಳೋಕೆ ಶುರು ಮಾಡಲಿ?

ಮೊದಲು ಜೆರಿ ಲೀ ಡಿಸ್ಕಿನ ಎರಡೂ ಮಗ್ಗುಲು. ಆಮೇಲೆ ಪ್ರೈಡ್‌ನ ‘ಜಸ್ಟ್ ಬಿಟ್ವೀನ್ ಯೂ ಆ್ಯಂಡ್ ಮೀ’. ನಂತರ ವೇಲನ್ ಆಲ್ಬಂ, ಪೂರ್ತಿ, ಒಂದೇ ಸಲಕ್ಕೆ. ಕುತೂಹಲ ಇದ್ದರೆ 1970ರಲ್ಲಿ ಲೂಯಿ ಆರ್ಮ್‌ಸ್ಟ್ರಾಂಗ್ ಹಾಡಿದ ಕಂಟ್ರಿ ಆಲ್ಬಂ ಇದೆ, ಅದನ್ನು ಮಾಡಿಸಿದ್ದೂ ಇವನೇ. ಜಾಜ್ ದೊರೆ ಕಂಟ್ರಿ ಹಾಡೋದು ಕೆಲವರಿಗೆ ಹಿಡಿಸಲ್ಲ, ನನಗೆ ಹಿಡಿಸಿದೆ. ಜ್ಯಾಕ್ ತನ್ನದೇ ಧ್ವನಿಯಲ್ಲಿ ಹಾಡಿದ್ದು ಬೇಕಂದರೆ 1978ರ ‘ಆಲ್ ಐ ವಾಂಟ್ ಟು ಡೂ ಇನ್ ಲೈಫ್’. ಟೀನೇಜ್ ಕ್ವೀನ್ ಕೊನೆಗೆ ಇಟ್ಟುಕೊಳ್ಳಿ, ಆ ಕೋರಸ್ ವಿಷಯದಲ್ಲಿ ನಾನು ಹೇಳಿದ್ದು ಸರಿಯೋ ತಪ್ಪೋ ನೀವೇ ಹೇಳಿ.